ರ‍್ಯಾಂಡ್ ನಡೆಯುವ ನಾಡಿನಲ್ಲಿ ಲೋಟಿಯ ಲೆಕ್ಕ

ನಾಲ್ಕೂ ದಿಕ್ಕಿನಲ್ಲಿ ದಕ್ಷಿಣ ಆಫ್ರಿಕಾವೊಂದರಿಂದಲೇ ಸುತ್ತುವರಿದಿರುವ ಲೆಸೊಥೊ, ತನ್ನ ಅತಿ ತಗ್ಗಿನ ನೆಲವೂ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿರುವ ಪರ್ವತರಾಜ್ಯವಾಗಿದ್ದು, ಅಲ್ಲಿಗೆ ಹೊರಡುವವರ ಖರ್ಚಿನ ಸ್ವರೂಪವನ್ನು ಬಹುಮಟ್ಟಿಗೆ ಈ ಭೂಗೋಳವೇ ನಿರ್ಧರಿಸುತ್ತದೆ. ವಿಮಾನದಲ್ಲಾಗಲಿ ರಸ್ತೆಯಲ್ಲಾಗಲಿ ಪ್ರವಾಸಿಗರ ದಾರಿ ಬಹುತೇಕ ದಕ್ಷಿಣ ಆಫ್ರಿಕಾದ ಮೂಲಕವೇ ಸಾಗುವುದರಿಂದ, ಒಂದು ದೇಶಕ್ಕೆಂದು ಹಾಕಿದ ಆಯವ್ಯಯ ಪಟ್ಟಿ ವಾಸ್ತವದಲ್ಲಿ ಎರಡು ದೇಶಗಳ ಪಟ್ಟಿಯಾಗಿರಬೇಕಾಗುತ್ತದೆ.

ಲೆಸೊಥೊದ ನಾಣ್ಯ ಲೋಟಿ. ಅದರ ಬಹುವಚನ ಮಲೋಟಿ. 1980ರಲ್ಲಿ ಚಲಾವಣೆಗೆ ಬಂದ ಈ ನಾಣ್ಯದ ಬೆಲೆಯನ್ನು ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೆ ಒಂದಕ್ಕೊಂದರಂತೆ ಕಟ್ಟಿಹಾಕಲಾಗಿದೆ. ದಕ್ಷಿಣ ಆಫ್ರಿಕಾ, ನಮೀಬಿಯಾ, ಎಸ್ವಾಟಿನಿ ಮತ್ತು ಲೆಸೊಥೊ ಸೇರಿ ನಡೆಸುತ್ತಿರುವ ‘ಸಮಾನ ಹಣಕಾಸು ಪ್ರದೇಶ’ ಎಂಬ ಒಪ್ಪಂದದ ಫಲ ಇದು. ಇದರಡಿ ರ‍್ಯಾಂಡ್ ಲೆಸೊಥೊದಲ್ಲಿ ಲೋಟಿಯಷ್ಟೇ ಸಲೀಸಾಗಿ ನಡೆಯುತ್ತದೆ. ಆದರೆ ಗಡಿ ದಾಟಿದೊಡನೆ ಈ ಸಮಾನತೆ ಏಕಮುಖವಾಗುತ್ತದೆ: ದಕ್ಷಿಣ ಆಫ್ರಿಕಾದ ಅಂಗಡಿಗಳು ಸಾಮಾನ್ಯವಾಗಿ ಲೋಟಿಯನ್ನು ಮುಟ್ಟುವುದಿಲ್ಲ, ಭಾರತದ ವಿನಿಮಯ ಕೇಂದ್ರಗಳಲ್ಲಂತೂ ಅದನ್ನು ಕೊಳ್ಳುವವರು ಸಿಗುವುದು ದುರ್ಲಭ. ಈ ಅಂಕಣಕಾರರ ಅನುಭವವೂ ಇದನ್ನೇ ಹೇಳುತ್ತದೆಯಾದ್ದರಿಂದ, ಭಾರತದಿಂದ ಹೊರಡುವಾಗಲೇ ರ‍್ಯಾಂಡ್ ನೋಟುಗಳನ್ನು ಕೊಂಡೊಯ್ದು, ಚಿಲ್ಲರೆಯಾಗಿ ಕೈಸೇರುವ ಮಲೋಟಿಯನ್ನು ರಾಜಧಾನಿ ಮಸೇರು ಬಿಡುವ ಮುನ್ನವೇ ಊಟಕ್ಕೋ ಇಂಧನಕ್ಕೋ ಖರ್ಚುಮಾಡಿ ಮುಗಿಸುವುದು ಅತ್ಯಂತ ವಿವೇಕದ ಕ್ರಮವೆನಿಸುತ್ತದೆ. ಇಲ್ಲೊಂದು ಅಪಾಯವನ್ನೂ ಗಮನಿಸಬೇಕು: ರೂಪಾಯಿಯ ಎದುರು ರ‍್ಯಾಂಡ್ ಏರಿಳಿದಂತೆಲ್ಲ ಲೆಸೊಥೊದ ಪ್ರತಿಯೊಂದು ಬೆಲೆಯೂ ಅದರೊಂದಿಗೇ ಏರಿಳಿಯುವುದರಿಂದ, ಬೇಕಾದ ಹಣವನ್ನೆಲ್ಲ ಒಂದೇ ದಿನದ ದರಕ್ಕೆ ಒಪ್ಪಿಸದೆ ಕಂತುಗಳಲ್ಲಿ ಕೊಳ್ಳುವುದು ಲೇಸು.

ಕಾರ್ಡ್ ಬಳಸುವವರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ವಿನಿಮಯ ದರದ ಮೇಲೆ ಬ್ಯಾಂಕುಗಳು ಹೇರುವ ಹೆಚ್ಚುವರಿ ಶುಲ್ಕ. ಭಾರತದ ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳಲ್ಲಿ ಇದು ಹೆಚ್ಚಾಗಿ ಶೇ 2ರಿಂದ 3.5ರಷ್ಟಿರುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಎರಡನೆಯದು, ಯಂತ್ರವು ಬಿಲ್ಲನ್ನು ರೂಪಾಯಿಯಲ್ಲೇ ತೋರಿಸಿ ಒಪ್ಪಿಗೆ ಕೇಳುವ ವ್ಯವಸ್ಥೆ. ಅಂಗಡಿಯ ಕಡೆಯ ಸಂಸ್ಥೆ ತನಗೆ ಬೇಕಾದ ದರವನ್ನು ಸೇರಿಸಿಕೊಳ್ಳುವ ಈ ಸೌಕರ್ಯ ಬಹುತೇಕ ಯಾವಾಗಲೂ ದುಬಾರಿಯಾದ್ದರಿಂದ ಸ್ಥಳೀಯ ನಾಣ್ಯದಲ್ಲೇ ಪಾವತಿಸಬೇಕು. ಇನ್ನು ಭಾರತದ ಪ್ರವಾಸ ಸಂಸ್ಥೆಗಳಿಂದ ಪ್ಯಾಕೇಜ್ ಕೊಂಡಾಗ ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಖರ್ಚಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ ಮೊತ್ತ. ಆದರೂ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೀಸಾ ವಿಷಯದಲ್ಲಿ ಒಂದೇ ಮಾತು ಸಾಕು: ದಕ್ಷಿಣ ಆಫ್ರಿಕಾಕ್ಕೆ ಬಂದು, ಲೆಸೊಥೊಗೆ ಹೋಗಿ, ಅದೇ ದಾರಿಯಲ್ಲಿ ಮರಳುವವರಿಗೆ ಏಕಪ್ರವೇಶದ ವೀಸಾ ಸಾಲುವುದಿಲ್ಲ.

ಬಾಡಿಗೆ ಕಾರಿನ ವಿಚಾರ ಇನ್ನಷ್ಟು ಎಚ್ಚರ ಬೇಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಪಡೆದ ಕಾರನ್ನು ಗಡಿ ದಾಟಿಸಲು ಬಾಡಿಗೆ ಸಂಸ್ಥೆಯ ಲಿಖಿತ ಅನುಮತಿ ಬೇಕು, ಅದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ; 2,800 ಮೀಟರ್‌ಗೂ ಮಿಕ್ಕಿ ಏರುವ ಸಾನಿ ಕಣಿವೆದಾರಿಯಲ್ಲಿ ಹೋಗುವುದಾದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ವಾಹನವೇ ಆಗಬೇಕು. ಗಂಭೀರ ರೋಗಿಗಳನ್ನು ಗಡಿಯಾಚೆಯ ಬ್ಲೂಮ್‌ಫೊಂಟೇನ್ ನಗರಕ್ಕೆ ಸಾಗಿಸಬೇಕಾಗಬಹುದಾದ್ದರಿಂದ, ಎರಡೂ ದೇಶಗಳಿಗೆ ಅನ್ವಯಿಸುವ ಮತ್ತು ರೋಗಿಯನ್ನು ಸಾಗಿಸುವ ವೆಚ್ಚ ಭರಿಸುವ ವಿಮೆಯ ಕಂತಿನಲ್ಲಿ ಉಳಿತಾಯ ಹುಡುಕುವುದು ಸಲ್ಲ.

ಹಾಗಾದರೆ ಉಳಿಸಿದ ಹಣ ಎಲ್ಲಿಗೆ ಹೋಗಬೇಕು? 192 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಮಲೆತ್ಸುನ್ಯಾನೆ ಜಲಪಾತವಿರುವ ಸೆಮೊಂಕೊಂಗ್ ಹಾಗೂ ಮಲೆಯಲೆಯಾದಂಥ ಊರುಗಳಲ್ಲಿ, ಬೆಟ್ಟದ ಕಾಲುದಾರಿಗಳಿಗೆ ಪಳಗಿದ ಬಸೊಥೊ ತಳಿಯ ಕುದುರೆಗಳ ಮೇಲೆ ಪ್ರವಾಸಿಗರನ್ನು ಕರೆದೊಯ್ಯುವ ಸ್ಥಳೀಯ ಮಾರ್ಗದರ್ಶಕರಿದ್ದಾರೆ. ದುಡಿಯಲು ದಕ್ಷಿಣ ಆಫ್ರಿಕಾದ ಗಣಿಗಳಿಗೆ ತಲೆಮಾರುಗಳಿಂದ ವಲಸೆ ಹೋಗುತ್ತ ಬಂದಿರುವ ಜನರ ನಾಡಿನಲ್ಲಿ, ಹುಟ್ಟಿದೂರಲ್ಲೇ ಗಳಿಸಿದ ಕೂಲಿಗೆ ವಿಶೇಷ ಬೆಲೆಯಿದೆ. ಅವರೊಂದಿಗೆ ಚೌಕಾಸಿಗಿಳಿಯದೆ, ಕಾರ್ಡ್ ಯಂತ್ರ ನಿರೀಕ್ಷಿಸಲಾಗದ ಆ ಹಳ್ಳಿಗಳಿಗೆಂದೇ ಸಣ್ಣ ಮುಖಬೆಲೆಯ ನೋಟುಗಳನ್ನು ಮೊದಲೇ ಬೇರೆಯಾಗಿ ತೆಗೆದಿಟ್ಟುಕೊಂಡಿರಬೇಕು.