ಹಳೆಯ ಗಣಕಕ್ಕೆ ಹೊಸ ಬಾಳು

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಿರುತ್ತದೆ. ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯ ಬೇಲೆಕೇರಿಯಲ್ಲಾಗಲಿ ಅದು ದೋಣಿಗಳನ್ನು ದುರಸ್ತಿ ಮಾಡುವ ಕಾಲ. ಹಳೆಯದೆಂಬ ಒಂದೇ ಕಾರಣಕ್ಕೆ ಯಾರೂ ದೋಣಿಯನ್ನು ಒಡೆದುಹಾಕುವುದಿಲ್ಲ. ಸೋರುವೆಡೆಯನ್ನು ಮುಚ್ಚಿ ಮರಳಿ ಕಡಲಿಗಿಳಿಸುತ್ತಾರೆ. ಗಣಕಯಂತ್ರದ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನದಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸಾಧನವನ್ನೂ ಈಚಿನ ಸಂಸ್ಕಾರಕವನ್ನೂ ಬಯಸುತ್ತದೆ. ಇದರಿಂದ ಕೆಡದೆ ನಡೆಯುತ್ತಿರುವ ಎಷ್ಟೋ ಯಂತ್ರಗಳು ನಿರುಪಯುಕ್ತವೆನಿಸಿಕೊಂಡವು. ಹೊಸದನ್ನು ಕೊಳ್ಳಲಾರದ ಮನೆಯ ಮಕ್ಕಳ ಓದಿಗೆ ಇದು ದೊಡ್ಡ ಅಡಚಣೆ. ಇಂಥಲ್ಲಿ ನೆರವಿಗೆ ಬರುವುದೇ ಲಿನಕ್ಸ್.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ರಚಿಸಿ ಪ್ರಕಟಿಸಿದರು. ಅದೇ ಲಿನಕ್ಸ್. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಘೋಷಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿದವು. ಇದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹಾಗೆ ಬೇರೆ ಬೇರೆ ಬಳಗಗಳು ಸಿದ್ಧಪಡಿಸಿ ಹಂಚುವ ರೂಪಗಳಿಗೆ 'ವಿತರಣೆ'ಗಳೆಂದು ಹೆಸರು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಪ್ರಸಿದ್ಧ ವಿತರಣೆಗಳು.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯೇ ಇಲ್ಲಿ ದಾರಿದೀಪ. ಮೊದಲು ಯಂತ್ರದ ಶಕ್ತಿಯನ್ನು ತಿಳಿಯಬೇಕು. ಅದು 32 ಬಿಟ್‌ನದಾದರೆ ಆಯ್ಕೆ ಕಿರಿದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಸ್ಥಾಪನಾ ವ್ಯವಸ್ಥೆಯನ್ನು ಕೈಬಿಟ್ಟಿದೆ. 64 ಬಿಟ್‌ನದಾಗಿ 2 ಜಿ.ಬಿ. ಸ್ಮೃತಿಯಿದ್ದರೆ ಲಿನಕ್ಸ್ ಮಿಂಟ್ ನಡೆಯುತ್ತದೆ, 4 ಜಿ.ಬಿ. ಇದ್ದರೆ ಆರಾಮ. ಅದರಲ್ಲಿಯೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಹೊರರೂಪವುಳ್ಳದ್ದು ಹಳೆಯ ಯಂತ್ರಕ್ಕೆ ಹಿತ.

ಹಗುರತೆಯೊಂದನ್ನೇ ನೋಡಿದರೆ ಸಾಲದು. ಬೆಂಬಲದ ಅವಧಿಯನ್ನೂ ಗಮನಿಸಬೇಕು. 2024ರಲ್ಲಿ ಬಂದ ಉಬುಂಟು 24.04ಕ್ಕೆ 5 ವರ್ಷಗಳ ಬೆಂಬಲವಿದ್ದರೆ, ಅದರ ಹಗುರ ಸೋದರನಾದ ಲುಬುಂಟುವಿನ ಅದೇ ಆವೃತ್ತಿಗೆ 3 ವರ್ಷಗಳದು ಮಾತ್ರ. ಆಯ್ದ ವಿತರಣೆಯನ್ನು ಮೊದಲು ಪೆನ್ ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿ, ಮುದ್ರಕ, ಕನ್ನಡದ ಕೀಲಿಮಣೆ ಇವೆಲ್ಲ ಸರಿಯಿವೆಯೇ ಎಂದು ಪರೀಕ್ಷಿಸಬೇಕು. ಹಳೆಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿದ ಮೇಲೆಯೇ ಸ್ಥಾಪನೆಗೆ ಕೈಹಾಕಬೇಕು.

ಸ್ಥಾಪಿಸಿದೊಡನೆ ಕೆಲಸ ಮುಗಿಯಲಿಲ್ಲ. ತಂತ್ರಾಂಶದಲ್ಲಿಯೂ ದಿನಕಳೆದಂತೆ ಬಿರುಕುಗಳು ಗೋಚರಿಸುತ್ತವೆ. ಕಳ್ಳರು ನುಗ್ಗುವುದು ಅವುಗಳ ಮೂಲಕವೇ. ಅವನ್ನು ಮುಚ್ಚುವ ಕಾರ್ಯವೇ ನವೀಕರಣ. ಡೆಬಿಯನ್ ಮತ್ತು ಉಬುಂಟು ವಂಶದ ವಿತರಣೆಗಳಲ್ಲಿ 'ಆಪ್ಟ್ ಅಪ್‌ಡೇಟ್' ಎಂಬ ಆಜ್ಞೆಯು ಹೊಸ ತಂತ್ರಾಂಶಗಳ ಪಟ್ಟಿಯನ್ನಷ್ಟೇ ತರುತ್ತದೆ. ಅವುಗಳನ್ನು ಸ್ಥಾಪಿಸುವುದು 'ಆಪ್ಟ್ ಅಪ್‌ಗ್ರೇಡ್' ಎಂಬ ಆಜ್ಞೆ. ಮೊದಲನೆಯದನ್ನು ಮಾತ್ರ ನಡೆಸಿ ಸುಮ್ಮನಾದರೆ, ಅಂಗಡಿಯ ಪಟ್ಟಿಯನ್ನು ಓದಿ ಸಾಮಾನು ಕೊಳ್ಳದೆ ಮರಳಿದಂತೆ. ಮಳೆಗಾಲದಲ್ಲಿ ವಿದ್ಯುತ್ತು ಪದೇ ಪದೇ ಕೈಕೊಡುವ ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ನವೀಕರಣದ ನಡುವೆ ಯಂತ್ರ ಆರಿದರೆ ವ್ಯವಸ್ಥೆಯು ಅರೆಬರೆಯಾಗಿ ನಿಂತೀತು. ಆದುದರಿಂದ ಬ್ಯಾಟರಿಯ ಆಸರೆಯನ್ನು ಖಚಿತಪಡಿಸಿಕೊಂಡು ತೊಡಗುವುದು ಲೇಸು. ಬೆಂಬಲದ ಅವಧಿ ಮುಗಿದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರವನ್ನಂತೂ ಮಾಡಲೇಬಾರದು.

ಇದು ಕೆಲವೇ ಪರಿಣತರ ಹವ್ಯಾಸವೆಂದು ಭಾವಿಸಬೇಕಾಗಿಲ್ಲ. ನಮ್ಮ ಕರಾವಳಿಯ ಹೆದ್ದಾರಿಯಲ್ಲಿಯೇ ತೆಂಕಣಕ್ಕೆ ಸಾಗಿದರೆ ಕಾಸರಗೋಡು ಸಿಗುತ್ತದೆ. ಕೇರಳದ ಸರಕಾರಿ ಶಾಲೆಗಳಿಗಾಗಿ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿದ ವಿತರಣೆಯನ್ನು ಸಿದ್ಧಪಡಿಸಿ, ಕಾಲಕಾಲಕ್ಕೆ ಹೊಸ ಆವೃತ್ತಿಗಳನ್ನು ಹೊರತರುತ್ತಿದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಗಣಕವನ್ನು ಕಲಿಯುತ್ತಾರೆ.

ಲಿನಕ್ಸ್ ಹಣವಿಲ್ಲದೆ ದೊರೆಯುತ್ತದೆ, ನಿಜ. ಆದರೆ ಆರೈಕೆಯಿಲ್ಲದೆ ಬಾಳುವುದಿಲ್ಲ. ತಿಳಿದು ಆರಿಸಿ, ತಪ್ಪದೆ ನವೀಕರಿಸುವವನ ಮನೆಯಲ್ಲಿ ಹತ್ತು ವರ್ಷದ ಯಂತ್ರವೂ ಮಕ್ಕಳಿಗೆ ಪಾಠ ಹೇಳಬಲ್ಲದು.