ಸಹಾಯಾರ್ಥ ಆಹಾರ ಮೇಳ: ಸ್ವಯಂಸೇವಕರನ್ನು ಅಣಿಗೊಳಿಸುವುದು ಹೇಗೆ?

ನಮ್ಮ ಸೀಮೆಯವರಿಗೆ ಬಡಿಸುವ ಕೆಲಸ ಹೊಸದಲ್ಲ. ಸಿದ್ಧಗಂಗೆಯ ದಾಸೋಹ, ಎಡೆಯೂರಿನ ದಾಸೋಹ, ಊರೂರ ಜಾತ್ರೆಯ ಅನ್ನಸಂತರ್ಪಣೆ ನೋಡುತ್ತಲೇ ಬೆಳೆದವರು ನಾವು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅವರ ನೆನಪಿಗೆ ರಾಜ್ಯದಲ್ಲಿ ಆ ದಿನ ದಾಸೋಹ ದಿನ. ಅವತ್ತು ಬಕೆಟ್ ಹಿಡಿದು ಪಂಕ್ತಿಯ ನಡುವೆ ಚುರುಕಾಗಿ ಓಡಾಡುವ ಹುಡುಗರು ಯಾವ ಹಳ್ಳಿಗೆ ಹೋದರೂ ಸಿಗುತ್ತಾರೆ. ಅದಕ್ಕೇ ಶಾಲೆಯ ಕೊಠಡಿಗೋ ಬಡ ಮಗುವಿನ ಆಪರೇಷನ್ನಿಗೋ ಹಣ ಕೂಡಿಸಲು ಆಹಾರ ಮೇಳ ಮಾಡೋಣ ಎಂದ ತಕ್ಷಣ ಸಂಘದವರು ಶಾಮಿಯಾನ, ಮೈಕು, ಬ್ಯಾನರ್ ಎಲ್ಲ ಗೊತ್ತು ಮಾಡಿ, ಕೆಲಸಗಾರರ ಮಾತು ಬಂದಾಗ ‘ನಮ್ಮ ಹುಡುಗರಿದ್ದಾರಲ್ಲ’ ಎಂದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ತಪ್ಪಾಗುವುದು ಅಲ್ಲೇ.

ಪಂಕ್ತಿಯಲ್ಲಿ ಒಲೆಯಿಂದ ಇಳಿದ ಅನ್ನ ಅರ್ಧ ಗಂಟೆಯೊಳಗೆ ಎಲೆ ಸೇರುತ್ತದೆ. ಅಡುಗೆಮನೆ ಒಂದೇ, ಅಡುಗೆಯವರ ತಂಡ ಒಂದೇ, ದುಡ್ಡಿನ ವ್ಯವಹಾರವಿಲ್ಲ. ಮೇಳದಲ್ಲಿ ಇಪ್ಪತ್ತು ಮಳಿಗೆ, ಇಪ್ಪತ್ತು ಮನೆಯ ಅಡುಗೆ. ಬೆಳಗ್ಗೆ ಎಂಟಕ್ಕೆ ತಂದಿಟ್ಟ ಪಾತ್ರೆಗೆ ಮಧ್ಯಾಹ್ನ ಎರಡರವರೆಗೂ ಸೌಟು ಬೀಳುತ್ತಿರುತ್ತದೆ. ಚಿಲ್ಲರೆ ಎಣಿಸಿದ ಕೈಯೇ ಇಡ್ಲಿ ಎತ್ತಿಕೊಡುತ್ತದೆ. ಪಂಕ್ತಿಯಲ್ಲಿ ಎಷ್ಟೇ ಬಡಿಸಿದ್ದರೂ ಮೇಳದ ಕೆಲಸವನ್ನು ಬೇರೆಯಾಗಿಯೇ ಹೇಳಿಕೊಡಬೇಕು.

ದಾನದ ಊಟಕ್ಕೆ ಕಾನೂನು ಯಾಕೆ ಎನ್ನುವವರೂ ಇದ್ದಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಲಾಭಕ್ಕಿರಲಿ ಇಲ್ಲದಿರಲಿ, ಆಹಾರದ ಉದ್ಯಮವನ್ನು ಒಂದೇ ಕಣ್ಣಿನಿಂದ ನೋಡುತ್ತದೆ. ಧಾರ್ಮಿಕ, ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರೂ ನೋಂದಣಿಯ ನಿಯಮದೊಳಗೆ ಬರುತ್ತಾರೆ. ದಿನಾಂಕ ಗೊತ್ತಾದ ಕೂಡಲೇ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡು ಕೇಳಿಕೊಳ್ಳಿ.

ಹದಿನೈದು ದಿನ ಮೊದಲು

ಹೆಸರು ಬರೆದುಕೊಳ್ಳುವಾಗಲೇ ಕೆಲಸವನ್ನೂ ಬರೆಯಿರಿ. ‘ಎಲ್ಲರೂ ಎಲ್ಲ ಕೆಲಸ ಮಾಡೋಣ’ ಎಂಬ ಮಾತು ಸಭೆಯಲ್ಲಿ ಚೆನ್ನಾಗಿ ಕೇಳುತ್ತದೆ; ಮೇಳದ ದಿನ ಹತ್ತು ಜನ ಒಬ್ಬಟ್ಟಿನ ಮಳಿಗೆಯ ಮುಂದೆ ನಿಂತಿರುತ್ತಾರೆ, ಕೈತೊಳೆಯುವ ಡ್ರಮ್ಮಿಗೆ ನೀರು ತುಂಬಲು ಒಬ್ಬರೂ ಇರುವುದಿಲ್ಲ. ಮಳಿಗೆಯೊಂದಕ್ಕೆ ನಾಲ್ವರು ಬೇಕು: ಮಾಡುವವರು, ಕೊಡುವವರು, ಒರೆಸಿ ತೊಳೆಯುವವರು, ಬೇಕಾದದ್ದನ್ನು ಓಡಿ ತರುವವರು. ಇವರ ಹೊರತಾಗಿ ಕೂಪನ್, ನೀರು, ಕಸ, ಬೆಂಕಿಯ ನಿಗಾ, ವಯಸ್ಸಾದವರನ್ನು ಕೂರಿಸುವುದು, ಇವಕ್ಕೆ ಪ್ರತ್ಯೇಕ ಜನ.

ಪಾಳಿ ನಾಲ್ಕು ಗಂಟೆಗಿಂತ ಉದ್ದ ಬೇಡ. ನಮ್ಮ ಕಡೆಯ ಅಮ್ಮಸಂದ್ರ ಸಿಮೆಂಟ್ ಕಾರ್ಖಾನೆಯ ಊರು. ಮುಂದಿನ ಪಾಳಿಯವನು ಬಂದು ಕೆಲಸ ವಹಿಸಿಕೊಳ್ಳುವ ತನಕ ಜಾಗ ಬಿಡಬಾರದು ಎನ್ನುವುದನ್ನು ಅಲ್ಲಿ ದುಡಿದ ಹಿರಿಯರು ಚೆನ್ನಾಗಿ ಬಲ್ಲರು. ಪಾಳಿ ಬದಲಾವಣೆಯ ಹೊಣೆಯನ್ನು ಅಂಥವರಿಗೇ ಕೊಡಿ. ಯಾವ ಪಾತ್ರೆ ಎಷ್ಟು ಹೊತ್ತಿಗೆ ಬಂತು, ಯಾವುದು ಮುಗಿಯುತ್ತಾ ಬಂದಿದೆ ಎಂದು ಬಾಯಿಬಿಟ್ಟು ಹೇಳಿಯೇ ಹೊರಡಬೇಕು.

ಆರೋಗ್ಯದ ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಸಭೆಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ವಾಂತಿ, ಭೇದಿ ಆದವರು ಅದು ನಿಂತು 48 ಗಂಟೆ ಕಳೆಯುವವರೆಗೆ ಆಹಾರದ ಹತ್ತಿರ ಬರಬಾರದು. ಕೈಯಲ್ಲಿ ಗಾಯ, ಕೀವು ಇದ್ದರೂ ಹಾಗೆಯೇ. ಕಾಯಿ ಸುಲಿಯುವವರು, ಗರಿ ಸೀಳುವವರು ಸಣ್ಣ ಗಾಯವನ್ನು ಗಾಯವೆಂದೇ ಎಣಿಸುವುದಿಲ್ಲ. ಆಹಾರ ಕೆಡಿಸುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಇರುವುದು ಅಂಥ ಗಾಯದಲ್ಲೂ ನಮ್ಮ ಮೂಗಿನಲ್ಲೂ. ಗಾಯವಿದ್ದವರಿಗೆ ಕೂಪನ್ನಿನ ಕೆಲಸ ಕೊಡಿ, ವಾಹನ ನಿಲುಗಡೆಯ ಕೆಲಸ ಕೊಡಿ. ಬೇಜಾರಾಗದಂತೆ ಹೇಳುವುದು ನಿಮಗೆ ಬಿಟ್ಟದ್ದು, ಆದರೆ ಹೇಳಲೇಬೇಕು.

ಹೈಸ್ಕೂಲು ಮಕ್ಕಳು ಬರಲಿ, ಅವರಿಲ್ಲದೆ ಮೇಳಕ್ಕೆ ಕಳೆಯಿಲ್ಲ. ಎಣ್ಣೆ ಬಾಣಲೆ, ಗ್ಯಾಸು, ಈಳಿಗೆಮಣೆಯಿಂದ ಮಾತ್ರ ದೂರವಿಡಿ. ಎಳನೀರು ಮಳಿಗೆಯಲ್ಲಿ ಮಚ್ಚು ಹಿಡಿಯುವುದು ದಿನಾ ಅದೇ ಕೆಲಸ ಮಾಡುವವರು ಮಾತ್ರ. ‘ನಂಗೂ ಬರುತ್ತೆ ಕೊಡಣ್ಣ’ ಎಂದು ಕೈಯೊಡ್ಡುವ ಹುಡುಗನಿಗೆ ಸ್ಟ್ರಾ ಕೊಡುವ ಕೆಲಸ ಸಾಕು.

ತರಬೇತಿ ಬಯಲಿನಲ್ಲೇ ಆಗಲಿ

ಸಮುದಾಯ ಭವನದಲ್ಲಿ ಕುರ್ಚಿ ಹಾಕಿ ಭಾಷಣ ಮಾಡಿಸಿದರೆ ತರಬೇತಿಯಾಗುವುದಿಲ್ಲ. ಮೇಳಕ್ಕೆ ವಾರವಿರುವಾಗ ಅದೇ ಬಯಲಿನಲ್ಲಿ ಒಂದು ಗಂಟೆ ಎಲ್ಲರನ್ನೂ ಸೇರಿಸಿ. ಹೇಳಿಕೊಡಲು ಹೊರಗಿನವರನ್ನು ಹುಡುಕಬೇಡಿ. ನಿಮ್ಮೂರ ಶಾಲೆಯ ಬಿಸಿಯೂಟದ ಅಕ್ಕಂದಿರನ್ನು ಗೌರವದಿಂದ ಕರೆಯಿರಿ. ದೊಡ್ಡ ಪ್ರಮಾಣದ ಅಡುಗೆ, ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡುವ ಕ್ರಮ, ದವಸದ ಡಬ್ಬಿಗಳ ಜೋಪಾನ ಎಲ್ಲ ಅವರಿಗೆ ನಿತ್ಯದ ಕೆಲಸ. ವೇದಿಕೆಯ ಮೇಲೆ ಅವರಿಗೆ ಕುರ್ಚಿ ಹಾಕಿದ ಸಂಘವನ್ನು ನಾನಿನ್ನೂ ಕಂಡಿಲ್ಲ. ನೀವು ಹಾಕಿ.

ಕೈತೊಳೆಯುವುದನ್ನು ಮಾಡಿಸಿಯೇ ತೋರಿಸಿ: ಸೋಪು ಹಚ್ಚಿ 20 ಸೆಕೆಂಡು, ಬೆರಳ ಸಂದಿ, ಉಗುರಿನಡಿ, ಮಣಿಕಟ್ಟು. ಗ್ಲೌಸ್ ಹಾಕಿಕೊಂಡರೆ ತೊಳೆಯಬೇಕಾಗಿಲ್ಲ ಎಂಬ ನಂಬಿಕೆ ಎಲ್ಲೆಡೆ ಇದೆ. ಗ್ಲೌಸ್ ಹಾಕಿದ ಕೈ ಮೊಬೈಲು, ನೋಟು, ಬೆವರು ಎಲ್ಲವನ್ನೂ ಮುಟ್ಟುತ್ತದೆ, ಹೆಚ್ಚು ಧೈರ್ಯದಿಂದ ಮುಟ್ಟುತ್ತದೆ. ನನ್ನ ಕೇಳಿದರೆ ತೊಳೆದ ಬರಿಗೈ, ಉದ್ದ ಹಿಡಿಯ ಸೌಟು, ಇಕ್ಕಳ ಸಾಕು.

ಮಳಿಗೆಯ ಪ್ರತಿಯೊಬ್ಬರೂ ತಮ್ಮ ತಿಂಡಿಯಲ್ಲಿ ಏನೇನಿದೆ ಎಂದು ತಿಳಿದಿರಬೇಕು. ‘ಇದರಲ್ಲಿ ಕಡಲೆಬೀಜ ಇದೆಯಾ?’ ಎಂದು ಕೇಳುವವರಿಗೆ ಅಲರ್ಜಿ ಇರಬಹುದು. ‘ಇರಲಾರದು’ ಎಂಬ ಉತ್ತರ ಬೇಡ. ಮಾಡಿದವರನ್ನು ಕೇಳಿ ಹೇಳಲಿ. ತಟ್ಟೆ ಇಡ್ಲಿಯ ತಟ್ಟೆಗೆ ಬಟ್ಟೆಯೇ ಹಾಕಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಇಡ್ಲಿ ಬೇಯಿಸುವುದಕ್ಕೆ ರಾಜ್ಯದಲ್ಲಿ 2025ರಲ್ಲಿ ನಿಷೇಧ ಬಂದಿದೆ. ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದು 2024ರ ಮಾರ್ಚ್‌ನಿಂದಲೇ ನಿಂತಿರಬೇಕು.

ಕಾಯಿಚಟ್ನಿಗೊಬ್ಬ ಯಜಮಾನಿ

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಕಡೆಯ ಮೇಳದಲ್ಲಿ ಹೊಟ್ಟೆ ಕೆಡಿಸುವ ಮೊದಲ ಅಪಾಯ ಕಾಯಿಚಟ್ನಿ. ತೋಟದವರು ಮೂಟೆಗಟ್ಟಲೆ ಕಾಯಿ ದಾನ ಕೊಡುತ್ತಾರೆ. ಹಿಂದಿನ ರಾತ್ರಿಯೇ ಒಡೆದು, ತುರಿದು, ಬೆಳಗಿನ ಜಾವ ನಾಲ್ಕಕ್ಕೆ ದೊಡ್ಡ ಗ್ರೈಂಡರಿನಲ್ಲಿ ಅಷ್ಟನ್ನೂ ರುಬ್ಬಿ ಇಡುತ್ತಾರೆ. ಹನ್ನೊಂದು ಗಂಟೆಗೆ ಆ ಚಟ್ನಿ ಏಳು ಗಂಟೆ ಹಳೆಯದು.

ಉಂಡೆ ಕೊಬ್ಬರಿ ಮಾಡುವವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇದ್ದ ಕಾಯಿಯಲ್ಲಿ ನೀರಿನಂಶ ಆರಿಹೋಗಿರುತ್ತದೆ, ಅದಕ್ಕೇ ಕೊಬ್ಬರಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಸಿ ಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರೇ. ಅದಕ್ಕೆ ಮತ್ತಷ್ಟು ನೀರು ಸೇರಿಸಿ, ನುಣ್ಣಗೆ ರುಬ್ಬಿ, ಬೇಯಿಸದೆ ಬಿಸಿಲಲ್ಲಿ ಇಡುತ್ತೇವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹದವಾದ ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಹಾಗಾದರೆ ಒಂದಿದ್ದದ್ದು ಐದು ಗಂಟೆಯಲ್ಲಿ 30 ಸಾವಿರ ದಾಟುತ್ತದೆ.

‘ಒಗ್ಗರಣೆ ಹಾಕಿದ್ದೀವಿ, ಏನೂ ಆಗಲ್ಲ’ ಎಂಬ ಮಾತನ್ನು ನಂಬಬೇಡಿ. ಒಂದು ಸೌಟು ಕಾದ ಎಣ್ಣೆ ಹಂಡೆ ಚಟ್ನಿಯನ್ನು ಬೇಯಿಸುವುದಿಲ್ಲ. ‘ನೆಕ್ಕಿ ನೋಡಿದೆ, ಹುಳಿಯಾಗಿಲ್ಲ’ ಎಂಬುದನ್ನೂ ನಂಬಬೇಡಿ. ಸ್ಟೆಫೈಲೊಕಾಕಸ್ ಬಿಡುವ ವಿಷಕ್ಕೆ ರುಚಿ, ವಾಸನೆ ಯಾವುದೂ ಇಲ್ಲ, ಕಾಯಿಸಿದರೂ ಅದು ಹೋಗುವುದಿಲ್ಲ. ವಾಂತಿ ಶುರುವಾಗುವುದು ತಿಂದು ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ. ಅಷ್ಟರಲ್ಲಿ ತಿಂದವರು ರೈಲು ಹತ್ತಿ ಅರಸೀಕೆರೆಗೋ ತುಮಕೂರಿಗೋ ಹೋಗಿರುತ್ತಾರೆ. ನಿಮಗೆ ಗೊತ್ತೂ ಆಗುವುದಿಲ್ಲ.

ಏನು ಮಾಡಬೇಕು? ಚಟ್ನಿಗೆ ಒಬ್ಬರನ್ನು ನೇಮಿಸಿ. ಮಾತು ನಡೆಯುವ ಹಿರಿಯ ಹೆಂಗಸು ಆದರೆ ಒಳ್ಳೆಯದು. ಹುರಿಗಡಲೆ, ಹಸಿಮೆಣಸಿನಕಾಯಿ, ಉಪ್ಪನ್ನು ಮೊದಲೇ ಅಳೆದು ಪೊಟ್ಟಣ ಕಟ್ಟಿಟ್ಟುಕೊಳ್ಳಲಿ. ಕಾಯಿಯನ್ನು ರುಬ್ಬುವ ಹೊತ್ತಿಗೇ ಒಡೆಯಬೇಕು. ಒಂದೊಂದನ್ನೂ ಬೇರೆ ತಟ್ಟೆಯ ಮೇಲೆ ಒಡೆದು, ಮೂಸಿ ನೋಡಿ, ಆಮೇಲೆ ರಾಶಿಗೆ ಸೇರಿಸಿ. ಕೊಳೆತ ಒಂದು ಹೋಳು ಒಳಗೆ ಬಿದ್ದರೆ ಇಡೀ ರುಬ್ಬು ಹಾಳು. ಒಂದು ಗಂಟೆಗೆ ಸಾಕಾಗುವಷ್ಟೇ ರುಬ್ಬಿ. ರುಬ್ಬುವ ನೀರು ಶುದ್ಧ ನೀರಿನ ಘಟಕದ್ದಿರಲಿ, ಡ್ರಮ್ಮಿನದ್ದು ಬೇಡ. ಪಾತ್ರೆಗೆ ಬಿಳಿ ಟೇಪು ಅಂಟಿಸಿ ರುಬ್ಬಿದ ಸಮಯ ಬರೆಯಿರಿ. ಎರಡು ಗಂಟೆ ದಾಟಿದ್ದನ್ನು ಚೆಲ್ಲಿ.

ಎಲ್ಲಕ್ಕಿಂತ ಮುಖ್ಯ: ತಳದಲ್ಲಿ ಉಳಿದ ಹಳೆಯ ಚಟ್ನಿಯ ಮೇಲೆ ಹೊಸದನ್ನು ಸುರಿಯಬಾರದು. ಎಷ್ಟು ಸಲ ಹೇಳಿದರೂ ಜನ ಇದನ್ನೇ ಮಾಡುತ್ತಾರೆ. ಹಳೆಯದು ಹೊಸದಕ್ಕೆ ಹೆಪ್ಪು ಹಾಕಿದ ಹಾಗೆ. ಪಾತ್ರೆ ಬದಲಿಸಿ, ಸೌಟೂ ಬದಲಿಸಿ. ಎರಡು ಪಾತ್ರೆ ಸರದಿಯಲ್ಲಿ ತೊಳೆದು ಬಳಸಿದರೆ ತೊಂದರೆಯೇ ಇಲ್ಲ.

ಚೆಲ್ಲುವ ಅಧಿಕಾರ ಆ ಹಿರಿಯರಿಗೇ ಇರಬೇಕು, ಅದನ್ನು ಎಲ್ಲರೆದುರು ಹೇಳಿಬಿಡಿ. ದಾನ ಬಂದ ಕಾಯಿ, ಚೆಲ್ಲಿದರೆ ಪಾಪ ಎಂದು ಯಾರಾದರೂ ಅಡ್ಡ ಬಂದೇ ಬರುತ್ತಾರೆ. ಅಧ್ಯಕ್ಷರೇ ಬಂದು ‘ಇನ್ನೊಂದರ್ಧ ಗಂಟೆ ನಡೀಲಿ ಬಿಡಮ್ಮ’ ಎಂದರೂ ಆಕೆಯ ಮಾತೇ ನಡೆಯಬೇಕು. ಬಿಸಿಲೇರಿದ ಮೇಲೆ ಕಾಯಿಚಟ್ನಿ ನಿಲ್ಲಿಸಿ ಕೊಬ್ಬರಿ ಚಟ್ನಿಪುಡಿಗೆ ತುಪ್ಪ ಹಾಕಿ ಕೊಡಿ. ತಿಪಟೂರು ಕೊಬ್ಬರಿಯ ಸೀಮೆಯಲ್ಲಿ ಅದಕ್ಕೇನು ಕಡಿಮೆ ಮರ್ಯಾದೆಯೇ? ಮೊಸರನ್ನ, ಚಿತ್ರಾನ್ನಕ್ಕೂ ಇದೇ ಗಡಿಯಾರ. ಅನ್ನದಲ್ಲೂ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುತ್ತವೆ. ಅನ್ನ ಆರಲೆಂದು ರಾತ್ರಿಯೇ ಮಾಡಿ ಹರಡಬೇಡಿ.

ಬೆಂಕಿ, ಗರಿ, ಬೀಗ

ಹಸಿ ಗರಿಯ ಚಪ್ಪರ ತಂಪು. ಎರಡು ದಿನ ಒಣಗಿದ ಗರಿಯ ಕೆಳಗೆ ಬೋಂಡಾ ಬಾಣಲೆ ಇಟ್ಟರೆ ಒಂದು ಕಿಡಿ ಸಾಕು. ಕರಿಯುವ ಮಳಿಗೆ ಚಪ್ಪರದ ಹೊರಗೆ, ಗಾಳಿ ಬೀಸುವ ದಿಕ್ಕು ನೋಡಿ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಬೇಕು. ತರಬೇತಿಯ ದಿನ ಖಾಲಿ ಬಾಣಲೆಯಲ್ಲಿ ಪ್ರತಿಯೊಬ್ಬರಿಂದಲೂ ಮುಚ್ಚಿಸಿ ನೋಡಿ. ಮನೆಯ 14.2 ಕೆಜಿ ಸಿಲಿಂಡರ್ ತರಬೇಡಿ, 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸಿ, ನೆಟ್ಟಗೆ ನಿಲ್ಲಿಸಿ. ಸೋರಿದ ಗ್ಯಾಸು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗುಂಡಿಯ ಪಕ್ಕ ಒಲೆ ಬೇಡ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರಿಂದ 17 ಜನ ಸತ್ತರು. ಅನ್ನವಿರುವ ಕಡೆ ಕಾವಲು ಬೇಕು ಎಂದು ಅಂದೇ ಕಲಿಯಬೇಕಿತ್ತು. ಅಡುಗೆ ಕೋಣೆಗೆ ಬೀಗ ಇರಲಿ, ಕೀಲಿ ಒಬ್ಬರ ಹತ್ತಿರವೇ ಇರಲಿ, ರಾತ್ರಿ ಇಬ್ಬರು ಅಲ್ಲೇ ಮಲಗಲಿ. ತೋಟದ ಔಷಧಿ ಇಟ್ಟಿದ್ದ ಶೆಡ್ಡಿನಲ್ಲಿ ಅಡುಗೆ ಮಾಡಬೇಡಿ, ಔಷಧಿ ಕಲಸಿದ್ದ ಬಕೆಟ್ಟು ಎಷ್ಟೇ ತೊಳೆದರೂ ಬೇಡ. ಪ್ರತಿ ಪದಾರ್ಥದ ಒಂದು ಬಟ್ಟಲು ಮುಚ್ಚಿ ಫ್ರಿಜ್ಜಿನಲ್ಲಿ 24 ಗಂಟೆ ಇಟ್ಟಿರಿ. ಯಾರಿಗಾದರೂ ಹುಷಾರು ತಪ್ಪಿದರೆ 108ಕ್ಕೆ ಫೋನು ಮೊದಲು, ಚರ್ಚೆ ಆಮೇಲೆ.

ಕೂಪನ್, ಲೆಕ್ಕ, ಪಾತ್ರೆ

ದುಡ್ಡು ಒಂದೇ ಕಡೆ ಇರಲಿ. ಮಳಿಗೆಯಲ್ಲಿ ಕೂಪನ್ ಮಾತ್ರ. ಕ್ಯೂಆರ್ ಕೋಡ್ ಸಂಘದ ಖಾತೆಯದ್ದಾಗಿರಬೇಕು, ಪದಾಧಿಕಾರಿಯ ಸ್ವಂತದ್ದಲ್ಲ. ಇದರಲ್ಲಿ ರಿಯಾಯಿತಿ ಬೇಡವೇ ಬೇಡ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾರಿಗೆ ಕೊಟ್ಟಿರಿ ಎಂದು ವಾರದೊಳಗೆ ಶಾಲೆಯ ಬೋರ್ಡಿನಲ್ಲಿ ಬರೆಯಿರಿ.

ತಟ್ಟೆಗೆ ಅಡಿಕೆ ಹಾಳೆ, ಮುತ್ತುಗದೆಲೆ. ಎಂಜಲೆಲೆ, ಕರಟ, ಪೇಪರು ಮೂರಕ್ಕೂ ಬೇರೆ ಬೇರೆ ಡ್ರಮ್ಮು, ಪಕ್ಕದಲ್ಲಿ ಒಬ್ಬ ಹುಡುಗ. ಉಳಿದ ಊಟವನ್ನು ಸಂಜೆ ಹಾಸ್ಟೆಲಿಗೆ ಕಳಿಸುವ ಆಸೆ ಬೇಡ. ಒಲೆಯ ಮೇಲೆ ಬಿಸಿಯಾಗಿಯೇ ಇದ್ದ ಸಾರು, ಅನ್ನವಾದರೆ ಮಧ್ಯಾಹ್ನದೊಳಗೆ ಕಳಿಸಿ, ಉಳಿದದ್ದು ಗೊಬ್ಬರದ ಗುಂಡಿಗೆ. ಬಾಡಿಗೆ ಪಾತ್ರೆ ತೊಳೆದು, ಎಣಿಸಿ ಕೊಡುವುದು ಎರಡನೇ ಪಾಳಿಯ ಕೆಲಸ. ಬೆಳಗಿನವರನ್ನು ಅದಕ್ಕೆ ಮತ್ತೆ ಕರೆಯಬೇಡಿ.