ಒತ್ತಿದರೆ ನೋಯುತ್ತದೆ ಎಂದ ಮಾತ್ರಕ್ಕೆ

‘ಎದೆ ಹಿಡ್ಕೊಂಡಿದೆ ದೊಡ್ಡಪ್ಪಾ, ಉಸಿರು ಜೋರಾಗಿ ಎಳೆದರೆ ಚುಚ್ಚುತ್ತೆ, ಗ್ಯಾಸ್ ಇರಬೇಕು’ ಅಂದೆಯಲ್ಲ ಮಗಾ, ಗ್ಯಾಸ್ ಎಂದು ತೀರ್ಪು ಕೊಡಲು ನೀನ್ಯಾರು? ಮೊದಲು ಹೋಗಿ ಇಸಿಜಿ ತೆಗೆಸು. ಮಿಕ್ಕದ್ದನ್ನು ಬಂದ ಮೇಲೆ ಓದಿದರೂ ನಡೆಯುತ್ತದೆ.

ಬಂದೆಯಾ? ಈಗ ಕೇಳು. ಪಕ್ಕೆಲುಬುಗಳು ಎದೆಯ ನಡುಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ಮೃದ್ವಸ್ಥಿ ಇದೆ. ಆ ಸಂದಿಗೆ ಉರಿಯೂತ ಬಂದರೆ ಬೆರಳಲ್ಲಿ ಒತ್ತಿದ ಕಡೆ ‘ಅಯ್ಯೋ’ ಎನ್ನಿಸುತ್ತದೆ. ಸೀನಿದರೆ, ಮಗ್ಗುಲು ಬದಲಿಸಿದರೆ, ಆಕಳಿಸಿದರೂ ನೋವು. ಡಾಕ್ಟರು ಇದನ್ನು ಕಾಸ್ಟೋಕಾಂಡ್ರೈಟಿಸ್ ಅನ್ನುತ್ತಾರೆ. ಸಾಮಾನ್ಯವಾಗಿ ಎರಡರಿಂದ ಐದನೆಯ ಪಕ್ಕೆಲುಬಿನ ಬುಡದಲ್ಲಿ, ಅದೂ ಹೆಚ್ಚಾಗಿ ಎಡಗಡೆಯೇ ಬರುವುದರಿಂದ ಜನ ಹೃದಯವೆಂದು ಹೆದರುತ್ತಾರೆ. ಅಲ್ಲೇ ಸಣ್ಣ ಗುಬುಟು ಕಂಡರೆ ಅದು ಟೀಟ್ಸೆ ಎಂಬ ಜರ್ಮನ್ ಸರ್ಜನ್ 1921ರಲ್ಲಿ ವಿವರಿಸಿದ ಇನ್ನೊಂದು ಬಗೆ. ಬೀರು ಸರಿಸಿದ್ದು, ಹೊಸದಾಗಿ ಜಿಮ್ ಹಿಡಿದದ್ದು, ವಾರಗಟ್ಟಲೆ ಕೆಮ್ಮಿದ್ದು, ಯಾವುದೂ ನೆಪವಾಗಬಹುದು. ಮೂಳೆ ಸವೆದ ಮುದುಕಿಯರಿಗೆ ಬರೀ ಕೆಮ್ಮಿನಿಂದಲೇ ಪಕ್ಕೆಲುಬು ಬಿರಿಯುವುದುಂಟು.

ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಉರಿ, ಅಂಗಿ ತಾಗಿದರೂ ಸಹಿಸಲಾಗದು ಎಂದಾದರೆ ಚರ್ಮ ನೋಡಿಕೊಳ್ಳುತ್ತಿರು. ಸರ್ಪಸುತ್ತಿನ ಗುಳ್ಳೆಗಳು ನೋವು ಶುರುವಾಗಿ ಕೆಲವು ದಿನ ಕಳೆದ ಮೇಲೆ ಏಳುತ್ತವೆ. ಎದ್ದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಗುಣ ಹೆಚ್ಚು. ಕೆಮ್ಮಣ್ಣು ಬಳಿದುಕೊಂಡು ಕೂತರೆ ಆ ಹೊತ್ತು ಕಳೆದುಹೋಗುತ್ತದೆ.

ಒತ್ತಿದರೆ ನೋವಿಲ್ಲ, ಉಸಿರೆಳೆದರೆ ಮಾತ್ರ ಚುಚ್ಚು, ಜೊತೆಗೆ ಜ್ವರ, ಕಫ ಎಂದಾದರೆ ಶ್ವಾಸಕೋಶದ ಪೊರೆಯ ಕಡೆ, ನ್ಯುಮೋನಿಯಾದ ಕಡೆ ಅನುಮಾನ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಆಪರೇಷನ್ ಆಗಿ ಮಲಗಿದ್ದವರಿಗೋ, ದೂರದ ಪ್ರಯಾಣ ಮಾಡಿ ಬಂದವರಿಗೋ ಒಂದು ಮೀನಖಂಡ ಊದಿ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಅದು ನಾಳೆಗೆ ಬಿಡುವ ಕೆಲಸವಲ್ಲ.

ನಿನ್ನದು ಬರೀ ಎದೆಗೂಡಿನ ನೋವೇ ಎಂದು ಡಾಕ್ಟರು ಹೇಳಿದರೆ ಗಾಬರಿ ಬೇಡ. ಕೆಲವು ವಾರ ಹಿಡಿಯುತ್ತದೆ. ಬಿಸಿ ಶಾಖ ಕೊಡು, ಭಾರ ಎತ್ತಬೇಡ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ. ಅಲ್ಸರ್, ಕಿಡ್ನಿ ತೊಂದರೆ, ಬಿಪಿ ಇದ್ದವರಂತೂ ಕೇಳದೆ ತಗೊಳ್ಳಲೇಬಾರದು. ಎದೆಗೆ ಬಟ್ಟೆ ಬಿಗಿದು ಕಟ್ಟುವ ಹಳೇ ರೂಢಿ ನಮ್ಮ ಮನೆಯಲ್ಲೂ ಇತ್ತು, ಅದು ಬೇಡವೇ ಬೇಡ. ನೋವಿಗೆ ಹೆದರಿ ಮೇಲುಸಿರಲ್ಲೇ ಇದ್ದರೆ ಕಫ ಕೆಳಗೆ ಕೂತು ಸೋಂಕಾಗುತ್ತದೆ. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮು, ಗಂಟೆಗೊಮ್ಮೆ ನಾಲ್ಕಾರು ಸಲ ನಿಧಾನವಾಗಿ ಆಳಕ್ಕೆ ಉಸಿರೆಳೆ.

ಒತ್ತಿದರೆ ನೋಯುತ್ತದೆ, ಹಾಗಾಗಿ ಹೃದಯವಲ್ಲ ಎಂಬ ಲೆಕ್ಕ ಬಹುತೇಕ ಸರಿ, ಪೂರ್ತಿ ಸರಿಯಲ್ಲ. ಹೃದಯಾಘಾತವಾದ ಕೆಲವರಿಗೂ ಎದೆ ಮುಟ್ಟಿದರೆ ನೋಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಏದುಸಿರು ಬರಬಹುದು. ತಣ್ಣನೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು, ಎದೆ ಹಿಂಡಿದಂತಾಗುವುದು ಕಂಡರೆ ಸೋಡಾ ಕುಡಿದು ಕಾಯಬೇಡ, ಬೈಕ್ ಹತ್ತಿ ನೀನೇ ಓಡಿಸಿಕೊಂಡು ಹೋಗಲೂಬೇಡ. 108ಕ್ಕೆ ಫೋನ್ ಮಾಡು.